ಕಟ್ಟು ಬಿಚ್ಚಿ ಓದು, ಕೂಸೇ

ಲಾ ಕಾಲೇಜಿನಲ್ಲಿ ನಿನಗೆ ಸೀಟು ಸಿಕ್ಕಿತೆಂದು ನಿನ್ನಜ್ಜಿ ನಂಜನಾಡಿನ ಹಟ್ಟಿಯಿಡೀ ಹೇಳಿಕೊಂಡು ಬಂದಳು. "ನಮ್ಮ ಕೂಸು ಡೆಲ್ಲಿಯ ದೊಡ್ಡ ಕೋರ್ಟಿನಲ್ಲಿ ಜಡ್ಜ್ ಆಗುತ್ತಾಳಂತೆ" ಎಂದೂ ಸೇರಿಸಿದಳು. ಕ್ಯಾರೆಟ್ ಮೂಟೆ ಕಟ್ಟುತ್ತಿದ್ದವರು ನಕ್ಕರು. ನಾನು ನಗಲಿಲ್ಲ. ಊಟಿಯಲ್ಲಿ ಮೂವತ್ತು ವರ್ಷ ವಕೀಲರ ಗುಮಾಸ್ತನಾಗಿ ಕೇಸಿನ ಕಟ್ಟು ಹೊತ್ತವನು ನಾನು. ಆ ದಾರಿ ಎಲ್ಲಿಂದ ಹೊರಡುತ್ತದೆಂದು ಬಲ್ಲೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಸುಪ್ರೀಂ ಕೋರ್ಟಿನ ಕುರ್ಚಿಗೆ ಪರೀಕ್ಷೆಯಿಲ್ಲ. ಹೈಕೋರ್ಟಿನಲ್ಲಿ ಐದು ವರ್ಷ ಜಡ್ಜ್ ಆಗಿರಬೇಕು, ಇಲ್ಲವೇ ಹತ್ತು ವರ್ಷ ವಕೀಲಿ ಮಾಡಿರಬೇಕು. ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರು ಸೂಚಿಸಬೇಕು. ಇಡೀ ದೇಶಕ್ಕೆ ಇರುವುದು 34 ಕುರ್ಚಿ. 65ಕ್ಕೆ ನಿವೃತ್ತಿ, ಆಮೇಲೆ ದೇಶದ ಯಾವ ಕೋರ್ಟಿನಲ್ಲೂ ವಾದಿಸುವಂತಿಲ್ಲ. ಕೆಳಗಿನಿಂದ ಹತ್ತುವವರಿಗೆ ಸಿವಿಲ್ ಜಡ್ಜ್ ಪರೀಕ್ಷೆ ಉಂಟು. ಅದಕ್ಕೂ ಮೂರು ವರ್ಷದ ವಕೀಲಿ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಓದಿದ ಹುಡುಗರು ಗೊಣಗಿದರು. ನನಗಂತೂ ಸರಿಯೆನಿಸಿತು. ಕಕ್ಷಿಗಾರ ಬಸ್ ಚಾರ್ಜಿಗೆ ಸಾಲ ಮಾಡಿ ವಾಯಿದೆಗೆ ಬರುವುದನ್ನು ಕಾಣದವರು ವಾಯಿದೆ ಮುಂದೂಡುವ ಕುರ್ಚಿಯಲ್ಲಿ ಕೂರಬಾರದು.

ವಾಯಿದೆ ಎಂದಾಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆಡಿ ತಿಂಗಳ ಮಳೆಯಲ್ಲಿ ಒಬ್ಬ ಮುದುಕಿಯ ಜಮೀನಿನ ಕೇಸು. ಕಟ್ಟು ನೆನೆದು ಎರಡು ಹಾಳೆ ಅಂಟಿಕೊಂಡಿದ್ದವು. ನಾನು ಬಿಡಿಸಿ ನೋಡದೆ ಮೇಲಿನ ಹಾಳೆಗೆ ಮಾತ್ರ ಪುಟದ ನಂಬರು ಹಾಕಿದೆ. ಒಳಗಿದ್ದದ್ದೇ ಸರ್ವೆ ನಂಬರಿನ ಚೀಟಿ. ಅಂದು ಅದು ಸಿಗಲಿಲ್ಲ, ಕೇಸು ನಾಲ್ಕು ತಿಂಗಳು ಮುಂದಕ್ಕೆ ಹೋಯಿತು. ಮುದುಕಿ ನನ್ನನ್ನು ಬೈಯಲಿಲ್ಲ. ಒದ್ದೆ ಕಂಬಳಿ ಹೊದ್ದು ಬಸ್ ಸ್ಟ್ಯಾಂಡಿನ ಕಡೆ ಇಳಿದು ಹೋದಳು. ಆ ಬೆನ್ನು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ನಮ್ಮಂಥ ಮೂಲೆಯಿಂದ ಡೆಲ್ಲಿಗೆ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಮ್ಮ ಜಿಲ್ಲೆಯ ಗೂಡಲೂರಿನ ಹೆಸರು ಹೇಳು. ಅಲ್ಲಿನ ಜನ್ಮಂ, ಅಂದರೆ ವಂಶಪಾರಂಪರ್ಯ ಒಡೆತನದ, ಜಮೀನನ್ನು ಸರ್ಕಾರ ವಹಿಸಿಕೊಳ್ಳಲು 1969ರಲ್ಲಿ ಕಾನೂನು ಬಂತು. ಅದರ ಒಂದು ಭಾಗವನ್ನು ಸುಪ್ರೀಂ ಕೋರ್ಟ್ 1972ರಲ್ಲಿ ತಳ್ಳಿಹಾಕಿತು. ಸಂಸತ್ತು ಆ ಕಾನೂನನ್ನು ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿತು. ಅಲ್ಲಿಗೆ ಸೇರಿದರೆ ಕೋರ್ಟು ಮುಟ್ಟಬಾರದೆಂಬ ನಂಬಿಕೆ. ಮತ್ತೆ ದಾವೆ. ಅದೇ ಐ.ಆರ್. ಕೊಯೆಲ್ಹೊ ಕೇಸು. 2007ರ ಜನವರಿ 11ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: 1973ರ ಏಪ್ರಿಲ್ 24ರ ನಂತರ ಆ ಪಟ್ಟಿಗೆ ಸೇರಿದ ಯಾವ ಕಾನೂನನ್ನೂ ಸಂವಿಧಾನದ ಮೂಲರಚನೆಗೆ ಹಿಡಿದು ಪರೀಕ್ಷಿಸಬಹುದು.

ಆ ತಾರೀಖಿನ ಬೇರು ಕಾಸರಗೋಡಿನಲ್ಲಿದೆ. ಕನ್ನಡದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೋದ ಕೇಸಿನಲ್ಲಿ 13 ನ್ಯಾಯಮೂರ್ತಿಗಳು ಕೂತು, ಏಳಕ್ಕೆ ಆರರಂತೆ, ಸಂಸತ್ತು ಸಂವಿಧಾನದ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂದದ್ದು ಆ ದಿನವೇ. ಒಂದು ಕಡೆ ಮಠದ ಜಮೀನು, ಇನ್ನೊಂದು ಕಡೆ ಗೂಡಲೂರಿನ ಜನ್ಮಂ. ಪಟ್ಟಾ ಪಹಣಿಯ ಧೂಳು ಕುಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೇ ಸರ್ಕಾರ ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಸಿಗಬೇಕಾದ ಕುರ್ಚಿ ಕೈತಪ್ಪಿದರೂ ಬರೆದ ತೀರ್ಪು ಅಳಿಯಲಿಲ್ಲ. ನಿನಗೆ ಕಷ್ಟದ ದಿನ ಬಂದಾಗ ಈ ಹೆಸರು ನೆನಪಿರಲಿ.

ಇನ್ನೊಂದು ಹೆಸರೂ ಇರಲಿ, ನ್ಯಾಯಮೂರ್ತಿ ಬಿ.ವಿ. ನಾಗರತ್ನ. ತಂದೆ ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಹಾಗಾಗಿ ದಾರಿ ಸಲೀಸಿತ್ತು ಎನ್ನುವವರು ಎನ್ನಲಿ. 2023ರ ಜನವರಿ 2ರಂದು ನೋಟು ರದ್ದತಿಯ ಕೇಸಿನಲ್ಲಿ ಐವರ ಪೀಠದಲ್ಲಿ ನಾಲ್ವರು ಒಂದು ಕಡೆ, ಆಕೆ ಒಬ್ಬರೇ ಇನ್ನೊಂದು ಕಡೆ. ಪೀಠದ ಹಿರಿಯರು ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್. ಕನ್ನಡದವರೇ ಇಬ್ಬರು, ಅಭಿಪ್ರಾಯ ಎರಡು. ಒಂಟಿಯಾಗಿ ಬರೆಯುವುದನ್ನು ಅಪ್ಪ ಕಲಿಸಿಕೊಡಲಾರ.

ಇಂಗ್ಲಿಷ್ ಚೆನ್ನಾಗಿ ಕಲಿ, ಡೆಲ್ಲಿಯ ಕೋರ್ಟು ಆ ಭಾಷೆಯಲ್ಲೇ ನಡೆಯುವುದು. ತಮಿಳು ಗಟ್ಟಿಯಿರಲಿ, ಇಲ್ಲಿನ ಸಾಕ್ಷಿಗಳ ಭಾಷೆ ಅದು. ಬಡಗ ಮಾತು ಮರೆಯಬೇಡ. ಹಟ್ಟಿಯ ಮುದುಕಿ ನಿಜ ಹೇಳುವುದು ಅದರಲ್ಲೇ.

ಕಾಲೇಜು ತೆರೆಯಲು ಇನ್ನೂ ದಿನಗಳಿವೆ. ಸೋಮವಾರ ಬೆಳಗಿನ ಬಸ್ಸಿಗೆ ಗೂಡಲೂರಿಗೆ ಹೋಗು. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಸಂಜೆಯವರೆಗೆ ಕೂತು ನೋಡು. ಯಾರೂ ತಡೆಯುವುದಿಲ್ಲ. ಕೊಡೆ ಮರೆಯಬೇಡ.