ಒದ್ದೆ ಕೂದಲು ಒಣಗುವ ಹೊತ್ತು

ಮಂಗಳೂರಿನಲ್ಲಿ ನನ್ನದೊಂದು ಪಾರ್ಲರ್ ಇದೆ. ಗುಂಗುರು ಕೂದಲಿನವರು ಬಂದು ಕುರ್ಚಿಯಲ್ಲಿ ಕೂತರೆ ಹೆಚ್ಚಿನವರ ಮೊದಲ ಮಾತು ಒಂದೇ: "ಇದನ್ನೊಮ್ಮೆ ಸ್ಟ್ರೈಟ್ ಮಾಡ್ಲಿಕ್ಕೆ ಎಷ್ಟಾಗ್ತದೆ ಅಕ್ಕಾ?" ದರ ಹೇಳುವ ಮೊದಲು ನಾನು ಅವರ ಕೂದಲನ್ನು ಪೂರ್ತಿ ತೋಯಿಸಿ ಕನ್ನಡಿ ತೋರಿಸುತ್ತೇನೆ. ಒಣಗಿದಾಗ ದಿಕ್ಕಾಪಾಲಾಗಿ ನಿಂತಿದ್ದ ಕೂದಲು ನೀರು ಬಿದ್ದ ಕೂಡಲೇ ಗುಂಪುಗುಂಪಾಗಿ ಸೇರಿ ಅಚ್ಚುಕಟ್ಟಾದ ಸುರುಳಿಯಾಗುತ್ತದೆ. ಆ ಸುರುಳಿ ಒಣಗಿದ ಮೇಲೂ ಉಳಿಯಬೇಕು. ಅದಕ್ಕೆ ಏನು ಬೇಕು, ಏನು ಬೇಡ ಎಂದು ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಆಕಾರ ಕೊಡುವುದು ನೀರು, ಕ್ರೀಮ್ ಅಲ್ಲ

ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಎರಡನ್ನು ನಾವು ತಿಳಿದಿರಬೇಕು. ಗಂಧಕದ ಬಂಧ ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹೈಡ್ರೋಜನ್ ಬಂಧ ಮೆದು. ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ, ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಒದ್ದೆ ಕೂದಲಿಗೆ ಜಡೆ ಹಾಕಿ ಮಲಗಿದರೆ ಬೆಳಿಗ್ಗೆ ನೇರ ಕೂದಲಲ್ಲೂ ಅಲೆ ಮೂಡುವುದು ಇದರಿಂದಲೇ.

ತೇವಕ್ಕೆ ಕೂದಲು ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದು ಹಳೆಯ ಕಾಲದವರಿಗೂ ಗೊತ್ತಿತ್ತು. ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಸೂರ್ ಗಾಳಿಯ ತೇವವನ್ನು ಅಳೆಯಲು ಮಾಡಿದ ಉಪಕರಣದಲ್ಲಿ ಮನುಷ್ಯರ ಕೂದಲನ್ನೇ ಬಳಸಿದ್ದ. 1783ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಪೂರ್ತಿ ಒಣಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಕೂದಲಿನ ಉದ್ದ ಸುಮಾರು ಶೇ. 2ರಷ್ಟು ಹೆಚ್ಚುತ್ತದೆ. ದಪ್ಪವಾಗುವುದು ಅದಕ್ಕಿಂತ ಎಷ್ಟೋ ಜಾಸ್ತಿ. ತನ್ನ ತೂಕದ ಶೇ. 30ರಷ್ಟು ನೀರನ್ನು ಕೂದಲು ಹೀರಬಲ್ಲದು. ಹೀಗೆ ಉಬ್ಬಿ ಕುಗ್ಗುವ ವಸ್ತುವನ್ನು ಒಂದು ಡಬ್ಬಿ ಕ್ರೀಮಿನಿಂದ ಕಟ್ಟಿಹಾಕಬಹುದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೀರು ಹೇಗೆ ಒಳಗೆ ಹೋಗಬೇಕು, ಹೇಗೆ ಹೊರಗೆ ಬರಬೇಕು ಎಂಬುದನ್ನು ಸ್ವಲ್ಪ ನಿಯಂತ್ರಿಸುವುದಷ್ಟೇ ಆ ಡಬ್ಬಿಯ ಕೆಲಸ.

2. ಕೆದರಿದ ಕೂದಲೆಲ್ಲ ಒಣಕೂದಲಲ್ಲ

ಜೂನ್ ತಿಂಗಳ ಒಂದು ಮಧ್ಯಾಹ್ನ ಪುತ್ತೂರು ಕಡೆಯಿಂದ ತಾಯಿ, ಮಗಳು ಬಂದಿದ್ದರು. ಹೊರಗೆ ಜಡಿಮಳೆ. ಮಗಳು ಕಾಲೇಜಿನವಳು, ಸೊಂಟದವರೆಗಿನ ಗುಂಗುರು ಕೂದಲು, ಮೇಲಿನ ಪದರವೆಲ್ಲ ಎದ್ದು ನಿಂತಿದೆ. "ನೋಡಿ ಅಕ್ಕ, ಎಷ್ಟು ಕ್ರೀಮ್ ಹಾಕಿದ್ರೂ ಹೀಗೆ. ಒಣಗಿ ಪೊರಕೆ ಆಗಿದೆ" ಎಂದರು ತಾಯಿ. ನಾನು ಒಂದು ಎಸಳನ್ನು ಬೆರಳಲ್ಲಿ ಹಿಡಿದು ಜಾರಿಸಿದೆ. ಒರಟಿರಲಿಲ್ಲ. ಮೆತ್ತಗೆ, ತುಸು ಅಂಟಂಟಾಗಿತ್ತು. ಬಿಟ್ಟಾಗ ಪುಟಿದು ಮೇಲೇರಬೇಕಾದ ಸುರುಳಿ ಅಲ್ಲೇ ಸೋತು ನಿಂತಿತು. "ಇದು ಒಣಗಿದ್ದಲ್ಲ ಅಮ್ಮಾ, ನೀರು ಜಾಸ್ತಿಯಾದದ್ದು" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಮಗಳ ಚೀಲದಲ್ಲಿದ್ದ ಕ್ರೀಮಿನ ಹಿಂಬದಿ ಓದಿದೆವು. ನೀರಿನ ನಂತರ ಎರಡನೆಯ ಹೆಸರೇ ಗ್ಲಿಸರಿನ್. ಗ್ಲಿಸರಿನ್ ಸುತ್ತಲಿನ ತೇವವನ್ನು ತನ್ನತ್ತ ಸೆಳೆಯುವ ವಸ್ತು. ಹದವಾದ ಹವೆಯಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ ಬಟ್ಟೆಯನ್ನು ಒಣಗಲು ಬಿಡುವುದಿಲ್ಲ. ಅಂಥ ಗಾಳಿಯಿಂದ ಗ್ಲಿಸರಿನ್ ದಿನವಿಡೀ ನೀರನ್ನು ಎಳೆಯುತ್ತಲೇ ಇರುತ್ತದೆ. ಕೂದಲು ಒಂದೇ ಸಮನಾಗಿ ಉಬ್ಬುವುದಿಲ್ಲ, ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ. ಒಂದೊಂದು ಎಳೆಯೂ ತನ್ನದೇ ದಿಕ್ಕಿಗೆ ತಿರುಗಿ ಸುರುಳಿಯ ಗುಂಪು ಒಡೆಯುತ್ತದೆ. ನೋಡುವವರ ಕಣ್ಣಿಗೆ ಅದು ಒಣಕೂದಲು. ಮನೆಯವರು ಇನ್ನಷ್ಟು ತೇವದ ಕ್ರೀಮ್ ತರುತ್ತಾರೆ, ಅದು ಇನ್ನಷ್ಟು ಕೆದರುತ್ತದೆ.

ಆ ಹುಡುಗಿಗೆ ನಾನು ಹೊಸದೇನನ್ನೂ ಕೊಡಲಿಲ್ಲ. ಸೆಪ್ಟೆಂಬರ್ ಕಳೆಯುವವರೆಗೆ ಆ ಕ್ರೀಮನ್ನು ಎತ್ತಿಡು, ಒದ್ದೆ ಕೂದಲಿಗೆ ಗಟ್ಟಿ ಹಿಡಿತದ ಜೆಲ್ ಮಾತ್ರ ಹಾಕು ಎಂದೆ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಗಾಳಿಯಲ್ಲಿ ಸೆಳೆದುಕೊಳ್ಳಲು ನೀರೇ ಇಲ್ಲ. ಕೂದಲಿನ ಒಳಗಿದ್ದ ತೇವ ಹೊರಗೆ ಹೋಗದಂತೆ ತಡೆಯುವ ಎಣ್ಣೆ, ಬೆಣ್ಣೆಯಂಥ ಮೇಲುಹೊದಿಕೆ ಅಲ್ಲಿಗೆ ಬೇಕು. ಬೆಂಗಳೂರಿನ ಫೆಬ್ರವರಿ, ಮಾರ್ಚಿಗೂ ಇದೇ ಮಾತು. ಗಲ್ಫಿನಿಂದ ರಜೆಗೆ ಬರುವ ನಮ್ಮವರದ್ದು ಎರಡೂ ಸೇರಿದ ಕಷ್ಟ: ದಿನವಿಡೀ ಏಸಿಯ ಒಣಗಾಳಿ, ಹೊರಗೆ ಕಾಲಿಟ್ಟರೆ ಸಮುದ್ರದ ತೇವ. "ಅಲ್ಲಿ ಚಂದ ಇದ್ದ ಕ್ರೀಮ್ ಇಲ್ಲಿ ಯಾಕೆ ಆಗುದಿಲ್ಲ?" ಎಂದು ಕೇಳುವವರಿಗೆ ನನ್ನ ಉತ್ತರ: ಕೂದಲು ಬದಲಾಗಿಲ್ಲ, ಊರು ಬದಲಾಗಿದೆ.

3. ನಲ್ಲಿಯ ನೀರನ್ನೂ ನೋಡಿ

ಇಲ್ಲಿನ ಮುರಕಲ್ಲಿನ ನೆಲದ ಬಾವಿ ನೀರು ಮೆದು. ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋಗಿ ಬೋರ್‌ವೆಲ್ ನೀರಲ್ಲಿ ತಲೆಗೆ ಸ್ನಾನ ಮಾಡಲು ಶುರುಮಾಡಿದವರು ಕೆಲವೇ ತಿಂಗಳಲ್ಲಿ "ಸುರುಳಿಯೇ ಹೋಯ್ತು" ಎಂದು ಬರುತ್ತಾರೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂರುತ್ತವೆ. ಸೋಪು ಹಾಕಿದರಂತೂ ಅದರ ಜೊತೆ ಸೇರಿ ಬಿಳಿ ಕಿಟ್ಟ ಕಟ್ಟುತ್ತದೆ. ಹಾಗಾದಾಗ ಯಾವ ಕಂಡೀಷನರೂ ಕೂದಲಿಗೆ ಸರಿಯಾಗಿ ತಾಗದು. ಇಡಿಟಿಎ ಎಂದು ಬರೆದಿರುವ, ಲವಣ ಬಿಡಿಸುವ ಶಾಂಪೂವನ್ನು ತಿಂಗಳಿಗೆ ಒಂದೆರಡು ಸಲ ಬಳಸಿದರೆ ಸಾಕು. ಕೊನೆಯ ಒಂದು ಚೊಂಬು ನೀರು ಕಾವೇರಿಯದ್ದೋ ಕುಡಿಯಲು ಫಿಲ್ಟರ್ ಮಾಡಿದ್ದೋ ಆಗಿದ್ದರೆ ಇನ್ನೂ ಒಳ್ಳೆಯದು.

4. ಶಾಂಪೂ ಬುಡಕ್ಕೆ, ಸೋಪು ಯಾವುದಕ್ಕೂ ಬೇಡ

ನೆತ್ತಿಯ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಗುಂಗುರಿನ ತಿರುವುಗಳನ್ನು ದಾಟಿ ತುದಿ ಮುಟ್ಟುವುದಿಲ್ಲ. ಬುಡ ಎಣ್ಣೆಯೆಣ್ಣೆ, ತುದಿ ಒಣ. ಇಡೀ ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ನೊರೆ ಬರಿಸಿ ತಿಕ್ಕಿದರೆ ಒಣ ತುದಿ ಇನ್ನಷ್ಟು ಒಣಗುತ್ತದೆ. ನೆತ್ತಿಗೆ ಮಾತ್ರ ಬೆರಳತುದಿಯಿಂದ ಹಚ್ಚಿ, ತೊಳೆಯುವಾಗ ಇಳಿಯುವ ನೊರೆಯೇ ಉದ್ದಕ್ಕೆ ಸಾಕು.

ಮೈಸೋಪು ಕ್ಷಾರ, ಅದರ ಪಿಎಚ್ 9ರಿಂದ 10. ಕೂದಲಿಗೆ ಹಿತವಾದದ್ದು ಸ್ವಲ್ಪ ಆಮ್ಲೀಯ. ಸೋಪಿನಿಂದ ಹೊರಪದರದ ಪೊರೆಗಳು ಎದ್ದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

ಶಾಂಪೂ ಬಾಟಲಿಯ ಮೇಲೆ ಸಲ್ಫೇಟ್ ಎಂದು ಕಂಡರೆ ಹೆದರಿ ಓಡುವವರಿದ್ದಾರೆ. ನ್ಯೂಯಾರ್ಕಿನ ಲೊರೇನ್ ಮ್ಯಾಸಿ ಗುಂಗುರು ಕೂದಲಿಗೆಂದೇ ಒಂದು ಪದ್ಧತಿ ಕಟ್ಟಿದರು. ಸಲ್ಫೇಟ್ ಬೇಡ, ಸಿಲಿಕೋನ್ ಬೇಡ ಎಂಬ ಮಾತು ಅಲ್ಲಿಂದಲೇ ಜಗತ್ತಿಗೆಲ್ಲ ಹರಡಿದ್ದು. ಗುಂಗುರಿನವರಿಗೆ ತಮ್ಮ ಕೂದಲ ಮೇಲೆ ಪ್ರೀತಿ ಹುಟ್ಟಿಸಿದ ದೊಡ್ಡ ಕೆಲಸ ಅದು. ಆದರೆ ನಿಯಮವನ್ನು ನಮ್ಮ ಸೆಕೆಗೆ, ಬೆವರಿಗೆ, ಎಣ್ಣೆ ಹಚ್ಚುವ ರೂಢಿಗೆ ಹೊಂದಿಸಿಕೊಳ್ಳಬೇಕು. ವಾರವಿಡೀ ಎಣ್ಣೆ, ಬೆವರು ಕೂತ ನೆತ್ತಿಯನ್ನು ಬರೀ ಕಂಡೀಷನರಿನಲ್ಲಿ ತೊಳೆದರೆ ತುರಿಕೆ, ಹೊಟ್ಟು ಬರುತ್ತದೆ. ಡೈಮೆಥಿಕೋನಿನಂಥ ಸಿಲಿಕೋನ್ ನೀರಲ್ಲಿ ಕರಗುವುದಿಲ್ಲ, ತೆಗೆಯಲು ಒಳ್ಳೆಯ ಶಾಂಪೂವೇ ಬೇಕು. ಆಗಾಗ ಶಾಂಪೂ ಮಾಡುವವರಿಗೆ ಅದರಿಂದ ತೊಂದರೆಯಿಲ್ಲ. ಮಳೆಗಾಲದಲ್ಲಿ ಹೊರಗಿನ ತೇವವನ್ನು ತಡೆಯಲು ನಾನೇ ಹಚ್ಚುತ್ತೇನೆ.

ಸೀಗೆಕಾಯಿ, ಅಂಟುವಾಳ ಬಿಡಬೇಡಿ ಎನ್ನುವವಳೇ ನಾನು. ಒಂದು ಎಚ್ಚರಿಕೆ ಮಾತ್ರ: ಪುಡಿಯನ್ನು ನೇರವಾಗಿ ಗುಂಗುರಿಗೆ ತಿಕ್ಕಬೇಡಿ. ತರಿ ಸುರುಳಿಯೊಳಗೆ ಕೂತು ಸಿಕ್ಕಾಗುತ್ತದೆ. ಕುದಿಸಿ, ಬಟ್ಟೆಯಲ್ಲಿ ಸೋಸಿ, ನೀರನ್ನಷ್ಟೇ ಹಾಕಿ. ಅದರ ಮೇಲೆ ದಾಸವಾಳ ಸೊಪ್ಪಿನ ಗೊಂಪು ಹಚ್ಚಿದರೆ ಬೆರಳಿಗೇ ಸಿಕ್ಕು ಬಿಡುತ್ತದೆ. ನಮ್ಮ ಅಜ್ಜಿಯಂದಿರಿಗೆ ಕಂಡೀಷನರ್ ಎಂದರೆ ಅದೇ ಆಗಿತ್ತು.

5. ಎಣ್ಣೆ ತೊಳೆಯುವ ಮೊದಲು

ತೆಂಗಿನೆಣ್ಣೆ ನೀರನ್ನು ಕೊಡುವುದಿಲ್ಲ, ಅದು ನೀರಿನ ಹೊಡೆತದಿಂದ ಕಾಪಾಡುತ್ತದೆ. ಪದೇ ಪದೇ ನೀರಲ್ಲಿ ಉಬ್ಬಿ, ಒಣಗಿ, ಮತ್ತೆ ಉಬ್ಬಿದರೆ ಕೂದಲು ಸವೆಯುತ್ತದೆ. ತೆಂಗಿನೆಣ್ಣೆಯ ಲಾರಿಕ್ ಆಮ್ಲದ ಕಣ ಸಣ್ಣದು, ನೇರವಾದದ್ದು, ಕೂದಲಿನ ಒಳಗೆ ಇಳಿಯುತ್ತದೆ. 2003ರಲ್ಲಿ ಆರತಿ ರೇಳೆ ಮತ್ತು ಆರ್.ಬಿ. ಮೋಹಿಲೆ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದ್ದರು. ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಒಂದೇ. ಹಾಗಾಗಿ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಉದ್ದಕ್ಕೆ, ತುದಿಗೆ ಹಚ್ಚಿ. ತಲೆಹೊಟ್ಟು ಇದ್ದವರು ರಾತ್ರಿಯಿಡೀ ನೆತ್ತಿಯಲ್ಲಿ ಎಣ್ಣೆ ಬಿಡಬೇಡಿ, ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಅದೇ ಆಹಾರ.

6. ಅಲೆಗೂದಲನ್ನು ಗುಂಗುರಿನಂತೆ ಸಾಕಬೇಡಿ

ತುಸುವೇ ಅಲೆಯಿರುವ ಕೂದಲಿಗೆ ಗುಂಗುರಿಗೆ ಹೇಳಿದ ಬೆಣ್ಣೆ, ಎಣ್ಣೆ, ದಪ್ಪ ಕ್ರೀಮ್ ಎಲ್ಲ ಹಾಕಿದರೆ ಭಾರಕ್ಕೆ ಅಲೆ ಇಳಿದು ಕೂದಲು ಜೋತುಬೀಳುತ್ತದೆ. ತೆಳು ಕಂಡೀಷನರ್, ಅದೂ ಕಿವಿಯಿಂದ ಕೆಳಗೆ. ಆಮೇಲೆ ಹಗುರ ಜೆಲ್. ಅಷ್ಟೇ.

7. ಜೆಲ್ ಹಾಕುವುದು ನೀರು ತೊಟ್ಟಿಕ್ಕುವಾಗ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಇದು. ಟವೆಲಿನಲ್ಲಿ ಒರೆಸಿ, ಅರ್ಧ ಒಣಗಿದ ಮೇಲೆ ಜೆಲ್ ಹಚ್ಚುವವರೇ ಜಾಸ್ತಿ. ಅಷ್ಟು ಹೊತ್ತಿಗೆ ಎಳೆಗಳು ಬಿಡಿಬಿಡಿಯಾಗಿ ಹೋಗಿರುತ್ತವೆ, ಬಿಚ್ಚಿಕೊಂಡಿದ್ದ ಬಂಧ ಕೆದರಿದ ಭಂಗಿಯಲ್ಲೇ ಕಟ್ಟಿಕೊಳ್ಳತೊಡಗಿರುತ್ತದೆ. ಕಂಡೀಷನರ್ ಹಾಕಿ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ತೊಳೆದು, ನೀರು ತೊಟ್ಟಿಕ್ಕುತ್ತಿರುವಾಗಲೇ ತಲೆ ಬಗ್ಗಿಸಿ ಜೆಲ್ ಹಚ್ಚಿ. ಅಂಗೈಯಲ್ಲಿ ಕೂದಲನ್ನು ಕೆಳಗಿನಿಂದ ತುಂಬಿಕೊಂಡು ನೆತ್ತಿಯತ್ತ ಒತ್ತಿ ಹಿಂಡಿ. ಪಚಪಚ ಎಂದು ಶಬ್ದ ಬರಬೇಕು. ಶಬ್ದ ಬರದಿದ್ದರೆ ನೀರು ಸಾಲದು, ಇನ್ನೊಂದು ಬೊಗಸೆ ನೀರು ಹಾಕಿ.

ಜೆಲ್ ಒಣಗಿದಾಗ ಕೂದಲು ಗರಿಗರಿಯಾಗುತ್ತದೆ. ಹಲವರು ಅಲ್ಲಿಗೇ ಹೆದರಿ ಮತ್ತೆ ತೊಳೆಯುತ್ತಾರೆ. ಆ ಗಟ್ಟಿ ಪದರವೇ ಒಣಗುವ ಹೊತ್ತಿನಲ್ಲಿ ಸುರುಳಿಯನ್ನು ಹಿಡಿದಿದ್ದದ್ದು. ಪೂರ್ತಿ ಒಣಗಿದ ಮೇಲೆ ಎರಡು ಹನಿ ಎಣ್ಣೆ ಅಂಗೈಗೆ ಸವರಿಕೊಂಡು ಮೆಲ್ಲಗೆ ಹಿಸುಕಿದರೆ ಪದರ ಒಡೆದು ಒಳಗಿನ ಮೆತ್ತನೆಯ ಸುರುಳಿ ಹೊರಬರುತ್ತದೆ.

ಅಂಗಡಿಯ ಜೆಲ್ ದುಬಾರಿ ಎನಿಸಿದರೆ ಅಗಸೆ ಬೀಜ ಇದೆ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು. ಕೈಯಾಡಿಸುತ್ತಾ ಕುದಿಸಿ, ಸೌಟಿನಿಂದ ಎತ್ತಿದಾಗ ಮೊಟ್ಟೆಯ ಬಿಳಿಲೋಳೆಯಂತೆ ನೂಲಾಗಿ ಇಳಿಯುವಾಗ ಒಲೆ ಆರಿಸಿ. ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು, ಆರಿದರೆ ಬೀಜ ಲೋಳೆಯನ್ನು ಬಿಟ್ಟುಕೊಡುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ವಾಸನೆ ಬದಲಾದರೆ ಚೆಲ್ಲಿ.

8. ಒಣಗುವವರೆಗೆ ಕೈ ಹಾಕಬೇಡಿ

ದಪ್ಪ ಟರ್ಕಿ ಟವೆಲಿನ ಕುಣಿಕೆಗಳು ಎಳೆಗಳನ್ನು ಎಬ್ಬಿಸುತ್ತವೆ. ತೆಳು ಬೈರಾಸು, ಹಳೆಯ ಪಂಚೆ, ಹತ್ತಿಯ ಟೀ ಶರ್ಟ್ ಯಾವುದೂ ಆದೀತು. ತಿಕ್ಕದೆ ಒತ್ತಿ ನೀರು ತೆಗೆಯಿರಿ. ಡ್ರೈಯರ್ ಇದ್ದರೆ ಅಗಲ ಬಾಯಿಯ ಡಿಫ್ಯೂಸರ್ ಸಿಕ್ಕಿಸಿ, ಕಡಿಮೆ ಬಿಸಿಯಲ್ಲಿ. ಮಳೆಗಾಲದಲ್ಲಿ ಇದು ಬೇಕೇ ಬೇಕು, ಗಂಟೆಗಟ್ಟಲೆ ಒದ್ದೆಯಾಗಿರುವ ಕೂದಲು ಮುಗ್ಗಲು ವಾಸನೆ ಹಿಡಿಯುತ್ತದೆ.

9. ಮುರಿದ ಗಂಧಕದ ಬಂಧ ಡಬ್ಬಿಯಲ್ಲಿ ಸಿಗದು

ಪರ್ಮನೆಂಟ್ ಸ್ಟ್ರೈಟನಿಂಗ್ ಮುರಿಯುವುದು ನೀರಿಗೆ ಜಗ್ಗದ ಆ ಗಂಧಕದ ಬಂಧವನ್ನೇ. ಮುರಿದು, ನೇರ ಭಂಗಿಯಲ್ಲಿ ಮತ್ತೆ ಕಟ್ಟುತ್ತದೆ. ಅಷ್ಟಾದ ಮೇಲೆ "ನನ್ನ ಗುಂಗುರು ವಾಪಸ್ ಬೇಕು" ಎಂದರೆ ಬುಡದಿಂದ ಹೊಸ ಕೂದಲು ಬರುವುದೊಂದೇ ದಾರಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಮದುವೆಯ ಒಂದು ದಿನಕ್ಕಾಗಿ ಕೇಳುವವರಿಗೆ ಈ ಲೆಕ್ಕವನ್ನು ಕೂರಿಸಿ ಹೇಳುತ್ತೇನೆ, ಗಿರಾಕಿ ಕೈತಪ್ಪಿದರೂ ಚಿಂತೆಯಿಲ್ಲ. ಸ್ಟ್ರೈಟ್ ಮಾಡುವ ಇನ್ನೊಂದು ಬಗೆಗೆ ಹೆಸರು ಕೆರಾಟಿನ್ ಟ್ರೀಟ್‌ಮೆಂಟ್ ಎಂದಿದ್ದರೂ ಅಂಥ ಕೆಲವುಗಳಿಂದ ಬಿಸಿ ಮಾಡುವಾಗ ಫಾರ್ಮಾಲ್ಡಿಹೈಡ್ ಹೊರಡುತ್ತದೆ. ಕಣ್ಣು, ಗಂಟಲು ಉರಿಯುವುದು ಅದಕ್ಕೇ. ಮಾಡಿಸಿಕೊಳ್ಳುವವರಿಗೆ ಅದು ಒಂದು ದಿನದ ಮಾತು, ಪಾರ್ಲರಿನ ಹುಡುಗಿಯರಿಗೆ ದಿನನಿತ್ಯದ ಉಸಿರು. ನಾನು ಅದನ್ನು ಇಟ್ಟುಕೊಂಡಿಲ್ಲ.

10. ಮಕ್ಕಳ ತಲೆ

ಇದನ್ನು ತಾಯಂದಿರಿಗಾಗಿ ಬರೆಯುತ್ತಿದ್ದೇನೆ. ಶಾಲೆಯ ವ್ಯಾನ್ ಬರುವ ಹೊತ್ತಿಗೆ ಒಣ ಗುಂಗುರನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆದರೆ ಮಗುವಿಗೆ ಆಗುವುದು ನೋವೊಂದೇ ಅಲ್ಲ. "ನಿನ್ನ ಕೂದಲೇ ಸರಿ ಇಲ್ಲ" ಎಂಬ ಮಾತು ಅದರ ಜೊತೆಗೇ ಬರುತ್ತದೆ. ಹತ್ತು ವರ್ಷದ ಮಕ್ಕಳು ನನ್ನ ಕುರ್ಚಿಯಲ್ಲಿ ಕೂತು ಅದೇ ಮಾತನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಶನಿವಾರ ರಾತ್ರಿ ಎಣ್ಣೆ, ಭಾನುವಾರ ತಲೆಸ್ನಾನ, ಕಂಡೀಷನರ್ ಕೂದಲಲ್ಲಿರುವಾಗಲೇ ಸಿಕ್ಕು ಬಿಡಿಸುವುದು. ವಾರದ ಬೆಳಿಗ್ಗೆ ಬಾಚಣಿಗೆ ಮುಟ್ಟಬೇಡಿ. ಸ್ಪ್ರೇ ಬಾಟಲಿಯಲ್ಲಿ ನೀರು, ಅದಕ್ಕೆ ಅರ್ಧ ಚಮಚ ಕಂಡೀಷನರ್ ಹಾಕಿ ಕುಲುಕಿ, ಕೂದಲು ತೇವವಾಗುವಷ್ಟು ಚಿಮುಕಿಸಿ. ಬೆರಳಲ್ಲಿ ಬೈತಲೆ ತೆಗೆದು ಎರಡು ಸಡಿಲ ಜಡೆ ಹಾಕಿ. ಐದು ನಿಮಿಷ ಸಾಕು.