ಮಗಳು ಆರ್ಕಿಟೆಕ್ಟ್ ಆಗಬೇಕಾದರೆ: ಎಸ್ಸೆಸ್ಸೆಲ್ಸಿ ನಂತರದ ದಾರಿ



ಚೌಡಾಪುರದಿಂದ ಗಾಣಗಾಪುರದ ಕಡೆ ಹೋಗುವ ರಸ್ತೆಯಲ್ಲಿ ಹೊಸ ಮನೆಗಳು ಏಳುತ್ತಲೇ ಇವೆ. ನಮ್ಮ ಸಂಘದ ಎಷ್ಟೋ ಸಾಲ ಮನೆ ಕಟ್ಟಲಿಕ್ಕೇ ಹೋಗುತ್ತದೆ. ಆದರೆ ನಕ್ಷೆ ಯಾರು ತೆಗೆದರು ಎಂದು ಕೇಳಿದರೆ "ನಕ್ಷಾಕ್ಕ ಯಾಕ್ರಿ ರೊಕ್ಕ, ಗೌಂಡಿಗೆ ಎಲ್ಲಾ ಗೊತ್ತದ" ಎಂಬ ಉತ್ತರ ಬರುತ್ತದೆ. ಗೌಂಡಿಯ ಕೈಕೆಲಸಕ್ಕೆ ಹೆಸರಿಡುವಂತಿಲ್ಲ. ಆದರೂ ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ಗೋಡೆಯೂ ಬಿರಿಯುತ್ತದೆ. ಅಡುಗೆ ಮನೆಗೆ ಕಿಟಕಿ ಇಲ್ಲದೆ ಹೊಗೆ ಕುಡಿಯುವವರು ನಾವೇ. ಗಾಳಿ, ಬೆಳಕು, ನೀರು, ಓಡಾಟ ಎಲ್ಲವನ್ನೂ ಮೊದಲೇ ಯೋಚಿಸಿ ಮನೆಯ ರೂಪ ಹಾಕುವವರೇ ಆರ್ಕಿಟೆಕ್ಟ್. ಪಾಯ, ಕಂಬ, ಸ್ಲ್ಯಾಬು ಎಷ್ಟು ಗಟ್ಟಿ ಇರಬೇಕೆಂದು ಲೆಕ್ಕ ಹಾಕುವುದು ಸಿವಿಲ್ ಇಂಜಿನಿಯರ ಕೆಲಸ.

ಈ ಕೆಲಸ ಹೆಣ್ಣುಮಕ್ಕಳಿಗೆ ಹೊಸದಲ್ಲ. ಪೆರಿನ್ ಮಿಸ್ತ್ರಿ ಎಂಬ ಪಾರ್ಸಿ ಮಹಿಳೆ 1936ರಲ್ಲೇ ಮುಂಬೈಯಲ್ಲಿ ಇದನ್ನು ಓದಿ ಮುಗಿಸಿದರು. ಬೆಂಗಳೂರಿನ ಚಿತ್ರಾ ವಿಶ್ವನಾಥ್ ಅವರು ಮಣ್ಣಿನ ಇಟ್ಟಿಗೆಯ ಮನೆಗಳಿಗೆ, ಮಳೆನೀರು ಹಿಡಿದಿಡುವ ಕೆಲಸಕ್ಕೆ ಹೆಸರಾದವರು.

ಈಗ ಮುಖ್ಯ ಮಾತು. "ಮಗಳು ಚಿತ್ರ ಛಂದ ತೆಗೀತಾಳ, ಮುಂದ ಏನ್ ಓದಿಸೋಣ" ಎಂದು ಕೇಳುವ ತಾಯಂದಿರು ಬಹಳಷ್ಟು ಸಲ ಪಿಯುಸಿ ಮುಗಿದ ಮೇಲೆ ಕೇಳುತ್ತಾರೆ. ಆಗ ಹೊತ್ತು ಮೀರಿರುತ್ತದೆ. ಈ ದಾರಿಯ ಬಾಗಿಲು ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲೇ ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ. ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಎರಡೂ ಇರಲೇಬೇಕು. ಆರ್ಟ್ಸ್ ತೆಗೆದುಕೊಂಡವರಿಗೆ ಅವಕಾಶವಿಲ್ಲ. ಗಣಿತ ಬಿಟ್ಟು ಬರೀ ಜೀವಶಾಸ್ತ್ರದ ಸೈನ್ಸ್ ತೆಗೆದುಕೊಂಡರೂ ಇಲ್ಲ. "ಹುಡುಗಿಗೆ ಗಣಿತ ಕಷ್ಟ ಆಗ್ತದ, ಬ್ಯಾಡ ಬಿಡ್ರಿ" ಎಂದು ನೆಂಟರು ಹೇಳಿದರೆ ಒಂದು ಸಲ ಮಗಳನ್ನೇ ಕೇಳಿರಿ.

ಇನ್ನೊಂದು ದಾರಿ ಪಾಲಿಟೆಕ್ನಿಕ್. ಗಣಿತ ಇರುವ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರೂ ಅರ್ಜಿ ಹಾಕಬಹುದು. ಆದರೆ ಇಂಜಿನಿಯರಿಂಗಿನಂತೆ ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ, ಮೊದಲನೇ ವರ್ಷದಿಂದಲೇ ಓದಬೇಕು.

ಆಮೇಲೆ 'ನಾಟಾ' ಎಂಬ ಪರೀಕ್ಷೆ. 2006ರಿಂದ ನಡೆಯುತ್ತಿದೆ. ಇದರಲ್ಲಿ ಚಿತ್ರ ಬಿಡಿಸುವುದೂ ಇದೆ, ಬುದ್ಧಿ ಓಡಿಸುವ ಪ್ರಶ್ನೆಗಳೂ ಇವೆ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಇರುವುದಿಲ್ಲ, ಆದ್ದರಿಂದ ಪಿಯುಸಿ ಮೊದಲ ವರ್ಷದಿಂದಲೇ ತಯಾರಿ ಬೇಕು. ನಾಟಾ ಅಂಕ ಮತ್ತು ಪಿಯುಸಿ ಅಂಕ ಎರಡನ್ನೂ ಸಮನಾಗಿ ಹಿಡಿದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುತ್ತದೆ. ನಮ್ಮ ಕಲಬುರಗಿಯ ಪಿ.ಡಿ.ಎ. ಕಾಲೇಜಿನಲ್ಲೇ ಬಿ.ಆರ್ಕ್ ಇದೆ. ಓದು ಐದು ವರ್ಷ, ಅದರಲ್ಲಿ ಒಂದು ಸೆಮಿಸ್ಟರ್ ಅನುಭವಸ್ಥ ಆರ್ಕಿಟೆಕ್ಟರ ಕೈಕೆಳಗೆ ಕೆಲಸ ಕಲಿಯಬೇಕು.

ಕಾಗದಪತ್ರದ ವಿಷಯದಲ್ಲಿ ನಮ್ಮವರು ಸೋಲುವುದೇ ಹೆಚ್ಚು. 371ಜೆ ಪ್ರಕಾರ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟುಗಳ ಮೀಸಲಾತಿ ಇದೆ. ಅದಕ್ಕೆ ಉಪವಿಭಾಗಾಧಿಕಾರಿಗಳ ಪ್ರಮಾಣಪತ್ರ ಬೇಕು. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲೇ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಬೇರೆ ಇವೆ. ಶಾಲೆಯ ಪತ್ರಕ್ಕೆ ಬಿಇಒ ಸಹಿ ಆಗಬೇಕು. ಇವನ್ನೆಲ್ಲ ಸೀಟು ಹಂಚುವ ವಾರದಲ್ಲಿ ಓಡಾಡಿ ಮಾಡಿಸಲು ಆಗುವುದಿಲ್ಲ. ಜಾತಿ, ಆದಾಯ ಪತ್ರದ ಜೊತೆಗೇ ಮಾಡಿಸಿ ಟ್ರಂಕಿನಲ್ಲಿ ಇಡ್ರಿ.

ಖರ್ಚಿನ ಬಗ್ಗೆ: ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಫೀ ಅಷ್ಟೇ ಅಲ್ಲ, ಡ್ರಾಯಿಂಗ್ ಹಾಳೆ, ಮಾದರಿ ಮಾಡುವ ಸಾಮಾನು, ಕಂಪ್ಯೂಟರ್, ಹಾಸ್ಟೆಲ್ ಎಲ್ಲಾ ಸೇರಿಸಿ ಬರೆಯಿರಿ. ಐದು ವರ್ಷದ ಓದಿಗೆ ಸಂಘದ ಸಾಲ ಹೊಂದುವುದಿಲ್ಲ, ಏಕೆಂದರೆ ಮುಂದಿನ ತಿಂಗಳಿಂದಲೇ ಕಂತು ಕಟ್ಟಬೇಕು. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡವು ಕೇಳುವುದಿಲ್ಲ, ಓದು ಮುಗಿದು ಒಂದು ವರ್ಷದ ನಂತರ ಕಂತು ಶುರುವಾಗುತ್ತದೆ. ಅಲ್ಪಸಂಖ್ಯಾತರಿಗೆ, ಹಿಂದುಳಿದ ವರ್ಗದವರಿಗೆ ಅವರವರ ನಿಗಮದಲ್ಲಿ 'ಅರಿವು' ಸಾಲವನ್ನೂ ವಿಚಾರಿಸಿರಿ. ಸಂಘದ ಹಣ ಪರೀಕ್ಷೆಯ ಫೀ, ಪ್ರಯಾಣದಂಥ ಸಣ್ಣ ಖರ್ಚಿಗೆ ಇರಲಿ.

ಪದವಿ ಬಂದ ಕೂಡಲೇ ಆರ್ಕಿಟೆಕ್ಟ್ ಆದಂತಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯಿದೆ ಪ್ರಕಾರ ದೆಹಲಿಯ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ಅಮೆರಿಕದಲ್ಲಿ ಪದವಿಯ ಮೇಲೆ ಮತ್ತೆ ಪರೀಕ್ಷೆ ಉಂಟು, ನಮ್ಮಲ್ಲಿ ಇಲ್ಲ. ಮಾನ್ಯತೆ ಪಡೆದ ಕಾಲೇಜಿನ ಪದವಿ ಇದ್ದರೆ ಅರ್ಜಿ ಹಾಕಿ ನಂಬರು ಪಡೆಯಬಹುದು, ನವೀಕರಣವನ್ನೂ ಮಾಡಿಸಬೇಕು. ಕಾನೂನು ಕಾಯುವುದು ಆ ಹೆಸರನ್ನು ಮಾತ್ರ, ನಕ್ಷೆ ತೆಗೆಯುವ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ ಬೋರ್ಡು ಹಾಕಿಕೊಂಡವರೆಲ್ಲ ಆರ್ಕಿಟೆಕ್ಟರಲ್ಲ. ಆರು ತಿಂಗಳ ಇಂಟೀರಿಯರ್ ಕೋರ್ಸಿಗೂ ಈ ನಂಬರು ಸಿಗದು. ದುಡ್ಡು ಕಟ್ಟುವ ಮುಂಚೆ ಕಾಲೇಜು ಕೌನ್ಸಿಲಿನ ಪಟ್ಟಿಯಲ್ಲಿ ಇದೆಯೇ ನೋಡಿರಿ.

ಐದು ವರ್ಷ ಕಾಯಲು ಆಗದ ಮನೆಗಳೂ ಇವೆ. ಅಂಥವರಿಗೆ ಐಟಿಐಯಲ್ಲಿ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ಇದೆ. ನಕ್ಷೆ ತೆಗೆಯುವ ಕೆಲಸ ಬೇಗ ಸಿಗಬಹುದು, ಆರ್ಕಿಟೆಕ್ಟ್ ಎಂಬ ಹೆಸರು ಬರುವುದಿಲ್ಲ.

ಸಭೆಯಲ್ಲಿ ಚರ್ಚಿಸಲು: ನಮ್ಮ ಸಂಘದಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಬರೆಯುವ ಹೆಣ್ಣುಮಕ್ಕಳು ಯಾರು ಯಾರು? ಅವರಲ್ಲಿ ಗಣಿತ ಬಿಡಬೇಕೆಂದು ಮನೆಯವರು ಹೇಳುತ್ತಿರುವುದು ಯಾರಿಗೆ, ಯಾಕೆ? 371ಜೆ ಪತ್ರ ಯಾರ ಮನೆಯಲ್ಲಿ ಇನ್ನೂ ಆಗಿಲ್ಲ?