ಅಂಜುದೀವ ನಡುಗಡ್ಡೆಯೂ ನಮ್ಮ 'ಮುಂಬಯಿ ಇಲಾಖೆ'ಯೂ

ಪಾರಿಶ್ವಾಡದ ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಮುತ್ತ್ಯಾನ ಕಾಲದ ಕೆಲವು ಜಮೀನಿನ ಕಾಗದಗಳಿವೆ. ಅವುಗಳ ತಲೆಗೆ "ತಾಲೂಕಾ ಖಾನಾಪುರ, ಜಿಲ್ಲಾ ಬೆಳಗಾವಿ, ಮುಂಬಯಿ ಇಲಾಖೆ" ಎಂದು ಬರೆದಿದೆ. ಅಷ್ಟು ದೂರದ ಮುಂಬಯಿಗೂ ನಮ್ಮ ಹೊಲಕ್ಕೂ ಎತ್ತಣ ಸಂಬಂಧವೆಂದು ಚಿಕ್ಕಂದಿನಲ್ಲಿ ನನಗೆ ಸೋಜಿಗವಾಗುತ್ತಿತ್ತು. ಕಾಲೇಜಿನಲ್ಲಿ ಇತಿಹಾಸವನ್ನು ಅಭ್ಯಸಿಸತೊಡಗಿದ ಮೇಲೆ ಆ ಸಂಬಂಧದ ಒಂದು ಎಳೆ ಕಾರವಾರದ ಎದುರಿಗಿರುವ ಅಂಜುದೀವ ಎಂಬ ಸಣ್ಣ ನಡುಗಡ್ಡೆಯಲ್ಲಿ ಸಿಕ್ಕಿತು. "ಹೀಗಾಗದೆ ಹಾಗಾಗಿದ್ದರೆ?" ಎಂಬ ಪ್ರಶ್ನೆಯು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲವೆಂದು ಹಲವರ ಮತ. ಆದರೆ ನಡೆದುಹೋದ ಘಟನೆಯ ತೂಕವನ್ನು ತಿಳಿಯಲು ಅದೂ ಒಂದು ತಕ್ಕಡಿಯೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅಂಜುದೀವದ ಉದ್ದವೇ ಸುಮಾರು ಒಂದೂವರೆ ಕಿಲೋಮೀಟರು. ಆದರೂ ಸಿಹಿನೀರು ದೊರೆಯುವ ಆ ನಡುಗಡ್ಡೆಯ ಮೇಲೆ ಸಮುದ್ರಯಾನಿಗಳ ಕಣ್ಣು ಮೊದಲಿನಿಂದಲೂ ಇತ್ತು. 1498ರಲ್ಲಿ ವಾಸ್ಕೊ ಡ ಗಾಮಾ ತನ್ನ ಮರುಪ್ರಯಾಣದಲ್ಲಿ ಅಲ್ಲಿ ತಂಗಿದ್ದನು. 1505ರಲ್ಲಿ ಫ್ರಾನ್ಸಿಸ್ಕೊ ಡ ಆಲ್ಮೇಡ ಅಲ್ಲಿ ಕೋಟೆ ಕಟ್ಟಿಸಿದನು. ಮರುವರ್ಷವೇ ಪೋರ್ತುಗೀಜರು ಅದನ್ನು ಕೆಡವಿ ಹೊರಟುಹೋದರು.

ಮುಂದಿನ ಶತಮಾನದಲ್ಲಿ ಡಚ್ಚರು ಪೋರ್ತುಗೀಜರ ಠಾಣ್ಯಗಳನ್ನು ಒಂದೊಂದಾಗಿ ಕಿತ್ತುಕೊಳ್ಳತೊಡಗಿದರು. ಅವರೆದುರು ನಿಲ್ಲಲು ಪೋರ್ತುಗಾಲಕ್ಕೆ ಒಬ್ಬ ಮಿತ್ರ ಬೇಕಾಗಿದ್ದನು. 1661ರ ವಿವಾಹ ಒಪ್ಪಂದದಲ್ಲಿ ರಾಜಕುಮಾರಿ ಕ್ಯಾಥರೀನಳೊಡನೆ ಮುಂಬಯಿಯೂ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ ದೊರೆಗೆ ಸಂದಿತು. ಅದನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ 1662ರಲ್ಲಿ ಸೈನಿಕರೊಡನೆ ಬಂದನು. ಆದರೆ ಗೋವೆಯ ವೈಸ್‌ರಾಯ್ ಆಂತೋನಿಯೊ ದ ಮೆಲ್ಲೊ ದ ಕಾಸ್ತ್ರೊ ಕಾಗದಪತ್ರಗಳಲ್ಲಿ ದೋಷವೆಣಿಸಿ ಊರನ್ನು ಒಪ್ಪಿಸಲಿಲ್ಲ. ಸೂರತದ ಆಂಗ್ಲ ವಖಾರಿಯವರೋ ಮೊಗಲರಿಗಂಜಿ ಸೈನಿಕರನ್ನು ಅಲ್ಲಿ ಇಳಿಸಗೊಡಲಿಲ್ಲ. ಹೀಗೆ ಎರಡೂ ಕಡೆಗೆ ಬಾಗಿಲು ಮುಚ್ಚಿದಾಗ ಶಿಪ್‌ಮನ್ನನು ತನ್ನ ಪಡೆಯನ್ನು ಅಂಜುದೀವದಲ್ಲಿ ಇಳಿಸಿದನು.

ಅಲ್ಲಿ ಅವರು ಕಳೆದ ಎರಡು ವರ್ಷಗಳು ದಾರುಣವಾದವು. ಮಳೆಗಾಲದ ರೋಗಗಳಿಗೂ ಆಹಾರದ ಅಭಾವಕ್ಕೂ ತುತ್ತಾಗಿ ಬಹುಪಾಲು ಸೈನಿಕರು ಸತ್ತರು. 1664ರಲ್ಲಿ ಶಿಪ್‌ಮನ್ನನೂ ತೀರಿಕೊಂಡನು. ನೂರರ ಮೇಲೆ ಕೆಲವರಷ್ಟೇ ಉಳಿದರು. ಅವರನ್ನು ಕರೆದುಕೊಂಡು ಹಂಫ್ರಿ ಕುಕ್ ಎಂಬವನು ಪೋರ್ತುಗೀಜರ ಷರತ್ತುಗಳಿಗೆಲ್ಲ ತಲೆಬಾಗಿ 1665ರ ಫೆಬ್ರುವರಿಯಲ್ಲಿ ಮುಂಬಯಿಯನ್ನು ಪಡೆದನು. 1668ರಲ್ಲಿ ದೊರೆಯು ಅದನ್ನು ವರ್ಷಕ್ಕೆ ಕೇವಲ 10 ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟನು.

ಈಗ ನನ್ನ ಪ್ರಶ್ನೆ: ಆ ನೂರು ಜನರೂ ಉಳಿಯದಿದ್ದರೆ, ಅಥವಾ ಚಾರ್ಲ್ಸ್‌ ದೊರೆಯು ಬೇಸತ್ತು "ಮುಂಬಯಿ ಬೇಡ, ಅಂಜುದೀವವೇ ಸಾಕು" ಎಂದಿದ್ದರೆ ಏನಾಗುತ್ತಿತ್ತು?

ಅಂಜುದೀವವೇ ಇನ್ನೊಂದು ಮುಂಬಯಿ ಆಗುತ್ತಿತ್ತೆಂದು ಕಾರವಾರದ ನನ್ನ ಮಿತ್ರನೊಬ್ಬನು ಅಭಿಮಾನದಿಂದ ವಾದಿಸುತ್ತಾನೆ. ಅವನ ವಾದದಲ್ಲಿ ಹುರುಳಿಲ್ಲದಿಲ್ಲ. ಕಾರವಾರದಲ್ಲಿ 1638ರಿಂದಲೇ ಆಂಗ್ಲರ ವಖಾರಿ ಇತ್ತು. ಘಟ್ಟದ ಮೆಣಸು, ಹುಬ್ಬಳ್ಳಿಯ ಕಡೆಯ ಬಟ್ಟೆ ಆ ಬಂದರಕ್ಕೆ ಇಳಿಯುತ್ತಿದ್ದವು. ಆದರೆ ಪಟ್ಟಣ ಬೆಳೆಯಲು ನಡುಗಡ್ಡೆಯ ಮೇಲೆ ನೆಲವೆಲ್ಲಿ? ಎದುರಿನ ದಂಡೆ ಆದಿಲಶಾಹಿಯದು; 1665ರಲ್ಲಿ ಶಿವಾಜಿಯು ಕಾರವಾರದಿಂದ ಕಪ್ಪ ವಸೂಲಿ ಮಾಡಿದನು; ಮಗ್ಗುಲಲ್ಲೇ ಗೋವೆ. ಮುಂಬಯಿಗಿದ್ದ ವಿಶಾಲ ಬಂದರವಾಗಲಿ, ಸುತ್ತಲಿನ ನೀರಿನ ರಕ್ಷಣೆಯಾಗಲಿ ಇಲ್ಲಿ ಇರಲಿಲ್ಲ. ಆದುದರಿಂದ ಆಂಗ್ಲರು ಕೆಲಕಾಲದಲ್ಲೇ ಅಂಜುದೀವವನ್ನು ಬಿಟ್ಟು ಹೋಗುತ್ತಿದ್ದರೆಂದೇ ನನ್ನ ಎಣಿಕೆ. 1626ರಷ್ಟು ಹಿಂದೆಯೇ ಅವರು ಡಚ್ಚರೊಡನೆ ಕೂಡಿ ಮುಂಬಯಿಯನ್ನು ಸುಟ್ಟಿದ್ದರಾದ್ದರಿಂದ, ಮುಂದೆಂದಾದರೂ ಬಲದಿಂದ ಅದನ್ನು ಹಿಡಿಯುತ್ತಿದ್ದರೆಂದೂ ವಾದಿಸಬಹುದು.

ಹಾಗೆ ಹಿಡಿಯದೆ ಹೋಗಿದ್ದರೆ ನಮ್ಮ ಗತಿಯೇನು? ಇಲ್ಲಿ ಒಂದು ಸಂಗತಿಯನ್ನು ವಾಚಕರು ನೆನೆಯಬೇಕು. 1818ರಲ್ಲಿ ಬೆಳಗಾವಿಯ ಕೋಟೆಯನ್ನು ಪೇಶವೆಯವರಿಂದ ಗೆದ್ದ ಥಾಮಸ್ ಮನ್ರೋ ಮದ್ರಾಸ ಸರಕಾರದ ಸೇವೆಯಲ್ಲಿದ್ದವನು. ಬಳ್ಳಾರಿ ಮದ್ರಾಸಿನ ಕೆಳಗಿತ್ತು. ಉತ್ತರ ಕನ್ನಡವೂ 1862ರ ವರೆಗೆ ಮದ್ರಾಸಿಗೇ ಸೇರಿತ್ತು. ಪಶ್ಚಿಮದಲ್ಲಿ ಮುಂಬಯಿ ಸರಕಾರವೆಂಬುದೇ ಇಲ್ಲದಿದ್ದರೆ ನಾವೂ ಮದ್ರಾಸ ಇಲಾಖೆಯವರೇ ಆಗುತ್ತಿದ್ದೆವೇನೋ! ಓದಿಗೆ ಪುಣೆ ಮುಂಬಯಿಗಳಿಗೆ ಹೋದ ನಮ್ಮ ಹಿರಿಯರು ಮದ್ರಾಸಿನ ದಾರಿ ಹಿಡಿಯುತ್ತಿದ್ದರು.

ಆದರೆ ಊಹೆಗೆ ಮೇರೆಯಿದೆ. ಕಿತ್ತೂರಿನ ದತ್ತಕವನ್ನು ಮದ್ರಾಸಿನವರು ಮನ್ನಿಸುತ್ತಿದ್ದರು, 1831ರಲ್ಲಿ ನಮ್ಮ ತಾಲೂಕಿನ ನಂದಗಡದಲ್ಲಿ ರಾಯಣ್ಣನು ಗಲ್ಲಿಗೇರುತ್ತಿರಲಿಲ್ಲ ಎನ್ನಲು ಯಾವ ಆಧಾರವೂ ಇಲ್ಲ. ಇಲಾಖೆ ಯಾವುದಾದರೂ ಕಂಪನಿ ಒಂದೇ. ಗಡಿಯ ತಂಟೆಯೇ ಹುಟ್ಟುತ್ತಿರಲಿಲ್ಲವೆನ್ನುವುದೂ ಆತುರದ ಮಾತು. ಮರಾಠಿ ಆಡುವ ನೆರೆಯವರು ಆಗಲೂ ನಮ್ಮ ಓಣಿಯಲ್ಲೇ ಇರುತ್ತಿದ್ದರು. ಅವರೊಡನೆ ಕೂಡಿ ಬಾಳುವ ಹೊಣೆ ಆಗಲೂ ನಮ್ಮದೇ ಆಗಿರುತ್ತಿತ್ತು.

ಅಂಜುದೀವದ ಕಥೆ ಮುಂದುವರಿಯಿತು. 1682ರಲ್ಲಿ ಪೋರ್ತುಗೀಜರು ಅಲ್ಲಿ ಮತ್ತೆ ಕೋಟೆ ಕಟ್ಟಿದರು. 1961ರ ನವೆಂಬರಿನಲ್ಲಿ ಅಲ್ಲಿಂದ ಭಾರತದ 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಯು ನಡುಗಡ್ಡೆಯನ್ನು ಗೆದ್ದುಕೊಂಡಿತು; ಆ ಕಾಳಗದಲ್ಲಿ ನಮ್ಮ ಏಳು ಮಂದಿ ನಾವಿಕರು ಪ್ರಾಣತೆತ್ತರು. ಇಂದು ಅದು ಕಾರವಾರದ ನೌಕಾನೆಲೆಯ ಭಾಗವಾಗಿದೆ.

1956ರಲ್ಲಿ ನಮ್ಮ ಜಿಲ್ಲೆಯು ಕನ್ನಡ ನಾಡಿನೊಂದಿಗೆ ಒಂದಾಯಿತು. ದೂರದ ದೊರೆಗಳು ಮದುವೆಯ ಉಡುಗೊರೆಯಾಗಿ ಕೊಟ್ಟುಕೊಂಡ ನೆಲದ ಹೆಸರು ನಮ್ಮ ಹೊಲದ ಕಾಗದದ ಮೇಲೆ ಬಂದು ಕೂತಿತ್ತು. ಅದನ್ನು ನಮ್ಮ ಮುತ್ತ್ಯಾನನ್ನು ಕೇಳಿ ಯಾರೂ ಬರೆದಿರಲಿಲ್ಲ. 1956ರ ಹೆಸರಿನ ಹಿಂದಾದರೋ ಜನರೇ ಹಲವು ದಶಕ ನಡೆಸಿದ ಏಕೀಕರಣದ ಹೋರಾಟವಿತ್ತು. ಇವೆರಡರ ಅಂತರವನ್ನು ಅರಿಯುವುದಕ್ಕಾಗಿಯಾದರೂ "ಹಾಗಾಗಿದ್ದರೆ?" ಎಂದು ಒಮ್ಮೆ ಕೇಳಿಕೊಳ್ಳುವುದು ವ್ಯರ್ಥವಲ್ಲವೆಂದು ನನಗೆ ತೋರುತ್ತದೆ.